ಹಳೇ ಓವನ್ ಬಾಗಿಲು ತೆಗೆದು ಆನೆ ಓಡಿಸಬಹುದಾ ಸರ್?

ಪ್ರಶ್ನೆ (ಕಾಫಿ ಬೆಳೆಗಾರರು, ಸಕಲೇಶಪುರ):
ಸರ್, ನಮಸ್ಕಾರ. ನಮ್ಮದು ಎಂಟು ಎಕರೆ ಕಾಫಿ, ಕೆಳಗೆ ಒಂದಿಷ್ಟು ಗದ್ದೆ. ಮೂರು ವಾರದಿಂದ ಒಂದು ಒಂಟಿ ಸಲಗ ಕಾಡುತ್ತಿದೆ. ಬೈನೆ ಮರ ಉರುಳಿಸಿತು, ಗೇಟು ಮುರಿಯಿತು. ಪಟಾಕಿ ಹೊಡೆದರೆ ತಿರುಗಿಯೂ ನೋಡುವುದಿಲ್ಲ. ಮಗ ಒಂದು ವಿಡಿಯೋ ತೋರಿಸಿದ. ಅಮೆರಿಕದವರ ಹತ್ತಿರ ಮೈಕ್ರೋವೇವ್ ಬಿಡುವ ಗಾಡಿ ಇದೆಯಂತೆ. ಅದರ ಎದುರು ನಿಂತವರು ಮೈ ಉರಿ ತಾಳದೆ ಓಡುತ್ತಾರಂತೆ, ಆದರೆ ಸಾಯುವುದಿಲ್ಲವಂತೆ. ಮನೆಯಲ್ಲಿ ಹಳೇ ಮೈಕ್ರೋವೇವ್ ಓವನ್ ಸುಮ್ನೆ ಬಿದ್ದಿದೆ. ಬಾಗಿಲು ತೆಗೆದು ಆನೆ ಕಡೆ ತಿರುಗಿಸಿದರೆ ಹೇಗೆ? ಅದಕ್ಕೆ ಏನೂ ಆಗಬಾರದು, ತೋಟ ಬಿಟ್ಟು ಹೋದರೆ ಸಾಕು.

ಉತ್ತರ (ನಿವೃತ್ತ ರೇಡಾರ್ ಎಂಜಿನಿಯರ್, ಹಾಸನ):
ಮೊದಲು ಆ ಓವನ್ ಬಿಚ್ಚಬೇಡಿ. ಬಿಚ್ಚಿದ್ದರೆ ಪ್ಲಗ್ ತೆಗೆದು ದೂರ ನಿಲ್ಲಿ. ಮಿಕ್ಕಿದ್ದನ್ನು ಆಮೇಲೆ ಓದಿ.

ನಿಮ್ಮ ಮಗ ನೋಡಿದ ಗಾಡಿ ನಿಜ. ಆ್ಯಕ್ಟಿವ್ ಡಿನೈಯಲ್ ಸಿಸ್ಟಮ್ ಅಂತ ಅದರ ಹೆಸರು. ಆದರೆ ಅದಕ್ಕೂ ನಿಮ್ಮ ಓವನ್‌ಗೂ ಇರುವ ನಂಟು, ಸೊಳ್ಳೆಗೂ ಸಲಗಕ್ಕೂ ಇರುವಷ್ಟೇ. ಓವನ್ ಅಲೆ 2.45 ಗಿಗಾಹರ್ಟ್ಸ್, ಅಂದರೆ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಇದು ಮಾಂಸದೊಳಗೆ ಸೆಂಟಿಮೀಟರ್ ಲೆಕ್ಕದಲ್ಲಿ ಇಳಿಯುತ್ತದೆ. ಗಾಡಿಯದ್ದು 95 ಗಿಗಾಹರ್ಟ್ಸ್. ಅಲೆಯ ಉದ್ದ 3 ಮಿಲಿಮೀಟರ್ ಚಿಲ್ಲರೆ, ಚರ್ಮದೊಳಗೆ ಇಳಿಯುವುದು ಬರೀ 0.4 ಮಿಲಿಮೀಟರ್. ನೋವು ತಿಳಿಯುವ ನರದ ತುದಿಗಳು ಇರುವುದು ಆ ಮೇಲ್ಪದರದಲ್ಲೇ. ಕಾದ ಕಾವಲಿಗೆ ಬೆರಳು ತಗುಲಿದರೆ ನೀವು ಯೋಚನೆ ಮಾಡುವುದಕ್ಕೆ ಮೊದಲೇ ಕೈ ಹಿಂದೆ ಬಂದಿರುತ್ತದೆ ಅಲ್ವಾ? ಇಲ್ಲಿ ಇಡೀ ಮೈಗೆ ಹಾಗಾಗುತ್ತದೆ. ಎರಡು ಮೂರು ಸೆಕೆಂಡಿನಲ್ಲಿ ಮನುಷ್ಯ ಪಕ್ಕಕ್ಕೆ ಹಾರುತ್ತಾನೆ. ಒಳಗಿನ ಅಂಗಗಳಿಗೆ ಶಾಖ ತಲುಪುವುದಿಲ್ಲ. "ಸಾಯಿಸುವುದಿಲ್ಲ" ಅನ್ನುವ ಮಾತು ನಿಂತಿರುವುದು ಈ 0.4 ಮಿಲಿಮೀಟರ್ ಮೇಲೆ.

ಓವನ್ ಅಲೆಯ ಗುಣ ಇದಕ್ಕೆ ಉಲ್ಟಾ. ಚರ್ಮಕ್ಕೆ ಉರಿ ಗೊತ್ತಾಗುವಷ್ಟರಲ್ಲಿ ಒಳಗೆ ಬೆಂದಿರಬಹುದು. ಕಣ್ಣಿಗಂತೂ ಇನ್ನೂ ಕಷ್ಟ. ಕಣ್ಣಿನ ಮಸೂರದಲ್ಲಿ ರಕ್ತನಾಳ ಇಲ್ಲ, ಶಾಖ ಹೊತ್ತೊಯ್ಯುವವರು ಯಾರೂ ಇಲ್ಲ. ಹಾಗಾಗಿ ಪೊರೆ ಬರುತ್ತದೆ.

ಈಗ ದೂರದ ಲೆಕ್ಕ. ಓವನ್ 800 ವ್ಯಾಟ್ ಅನ್ನಿ. ಅಷ್ಟೂ ಅಲೆಯನ್ನು ಹೇಗೋ ಒಂದೇ ದಿಕ್ಕಿಗೆ ಸೇರಿಸಿ 30 ಪಟ್ಟು ಬಲ ತಂದಿರಿ ಅಂತಲೇ ಇಟ್ಟುಕೊಳ್ಳೋಣ. 30 ಮೀಟರ್ ಆಚೆ ನಿಂತ ಆನೆಗೆ ಚದರ ಮೀಟರಿಗೆ 2 ವ್ಯಾಟ್ ಸಿಗುತ್ತದೆ. ಮಧ್ಯಾಹ್ನದ ಬಿಸಿಲು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಸುರಿಯುತ್ತದೆ! ಬಿಸಿಲಿಗೆ ಹೆದರದ ಆನೆ ಅದರ ಐನೂರನೇ ಒಂದು ಪಾಲಿಗೆ ಹೆದರುತ್ತದಾ? ಆದರೆ ಒಂದೇ ಮೀಟರ್ ಎದುರಿಗೆ ಯಾರಾದರೂ ಅಡ್ಡ ಬಂದರೆ ಅವರಿಗೆ ಬಿಸಿಲಿನ ಎರಡರಷ್ಟು, ಅದೂ ಮಾಂಸದೊಳಗೆ. ಆನೆಗೆ ಏನೂ ಆಗುವುದಿಲ್ಲ, ನಿಮ್ಮ ಆಳಿಗೆ ಆಗುತ್ತದೆ.

ಮರುಪ್ರಶ್ನೆ (ಅದೇ ಬೆಳೆಗಾರರು):
ಅಯ್ಯೋ, ಒಳ್ಳೇದಾಯ್ತು ಕೇಳಿದ್ದು. ಹಾಗಾದರೆ ಆ ದೊಡ್ಡ ಗಾಡಿಯನ್ನೇ ಸರ್ಕಾರ ಅರಣ್ಯ ಇಲಾಖೆಗೆ ತರಿಸಿಕೊಟ್ಟರೆ?

ಉತ್ತರ:
ಆಸೆ ದೊಡ್ಡದೇ! ಅದರೊಳಗೆ ಈ ಅಲೆ ಹುಟ್ಟಿಸುವ ಜೈರೋಟ್ರಾನ್ ಅನ್ನುವ ಕೊಳವೆ ಇರುತ್ತದೆ, 100 ಕಿಲೋವ್ಯಾಟ್ ಮಟ್ಟದ್ದು. ಅದನ್ನು ನಡೆಸಲು ಜನರೇಟರ್, ತಣ್ಣಗಿಡುವ ವ್ಯವಸ್ಥೆ ಎಲ್ಲ ಸೇರಿ ಒಂದು ಗಾಡಿ ತುಂಬುತ್ತದೆ. ಸ್ವಿಚ್ ಹಾಕಿದ ತಕ್ಷಣ ಓಡುವ ಸಾಮಾನಲ್ಲ. ಅಮೆರಿಕದವರು 2001ರಲ್ಲಿ ಇದನ್ನು ಜಗತ್ತಿಗೆ ತಿಳಿಸಿದರು, ಸ್ವಯಂಸೇವಕರ ಮೇಲೆ ಹತ್ತು ಸಾವಿರಕ್ಕೂ ಹೆಚ್ಚು ಸಲ ಪರೀಕ್ಷೆ ಮಾಡಿದರು. 2010ರಲ್ಲಿ ಅಫ್ಘಾನಿಸ್ತಾನಕ್ಕೆ ಕಳಿಸಿ, ಒಂದು ಸಲವೂ ಬಳಸದೆ ವಾಪಸ್ ಕರೆಸಿಕೊಂಡರು. ಪರೀಕ್ಷೆಯಲ್ಲೂ ಎಲ್ಲ ಸಲೀಸಾಗಿರಲಿಲ್ಲ. 2007ರಲ್ಲಿ ಬಲ ಹೆಚ್ಚಾಗಿ ಒಬ್ಬ ಸೈನಿಕನ ಎರಡೂ ಕಾಲಿಗೆ ಬೊಬ್ಬೆ ಬರುವ ಹಾಗೆ ಸುಟ್ಟಿತು. ಚರ್ಮ 45 ಡಿಗ್ರಿ ಹತ್ತಿರ ಬಂದರೆ ನೋವು, ಇನ್ನೊಂದು ಹತ್ತು ಡಿಗ್ರಿ ಏರಿದರೆ ಸುಟ್ಟ ಗಾಯ. ಅಂತರ ಅಷ್ಟೇ. ಓಡಲು ಜಾಗವಿಲ್ಲದವನು, ಬಿದ್ದವನು, ಮಗುವನ್ನು ಎತ್ತಿಕೊಂಡವಳು ಏನು ಮಾಡಬೇಕು? ಸೈನ್ಯದವರು ಹಿಂಜರಿದದ್ದು ತಪ್ಪಲ್ಲ ಅನ್ನುವುದು ನನ್ನ ಅಭಿಪ್ರಾಯ.

ಮಲೆನಾಡಿಗಂತೂ ಅದು ಹೇಳಿ ಮಾಡಿಸಿದ್ದಲ್ಲ. ಈ ಅಲೆ ನೀರಿಗೆ ಸೋಲುತ್ತದೆ. ಜುಲೈ ಜಡಿಮಳೆಯಲ್ಲಿ ಒಂದು ಕಿಲೋಮೀಟರ್ ಹೋಗುವಷ್ಟರಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಕರಗಿಹೋಗುತ್ತದೆ. ನಡುವೆ ಕಾಫಿ ಗಿಡ, ಮೆಣಸಿನ ಬಳ್ಳಿ, ಎಲೆ ತುಂಬ ನೀರು. ಇನ್ನು ಆನೆ! ಕೆಲವು ಕಡೆ ಎರಡೂವರೆ ಸೆಂಟಿಮೀಟರ್ ದಪ್ಪ ಚರ್ಮ, ಅದರ ಮೇಲೆ ಕೆರೆಯ ಕೆಸರು ಮೆತ್ತಿಕೊಂಡಿರುತ್ತದೆ. ಅಲೆ ಕೆಸರಿನಲ್ಲೇ ಮುಗಿದುಹೋಯಿತು. ಅಕಸ್ಮಾತ್ ಕಣ್ಣಿನ ಹತ್ತಿರ ಉರಿ ತಗುಲಿತು ಅನ್ನಿ, ಆಗ ಸಲಗ ಹಿಂದಕ್ಕೇ ಓಡುತ್ತದೆ ಅಂತ ಯಾರು ಬರೆದುಕೊಟ್ಟಿದ್ದಾರೆ? 1972ರ ವನ್ಯಜೀವಿ ಕಾಯ್ದೆಯ ಮೊದಲನೇ ಪಟ್ಟಿಯ ಪ್ರಾಣಿ ಅದು. ಗಾಯವಾದರೆ ಆ ಕಾಯ್ದೆ ನಿಮ್ಮ ಉದ್ದೇಶ ಕೇಳಿ ಸುಮ್ಮನಾಗುವುದಿಲ್ಲ.

ಇನ್ನೊಬ್ಬ ಸದಸ್ಯರು (ಹಾಸನ):
ಸರ್, ಚೀನಾದವರು ಲಡಾಖ್‌ನಲ್ಲಿ ನಮ್ಮ ಸೈನಿಕರ ಮೇಲೆ ಇಂಥ ಮೈಕ್ರೋವೇವ್ ಅಸ್ತ್ರ ಬಿಟ್ಟರು ಅಂತ ಓದಿದ್ದೆ. ಇನ್ನೊಂದು, ಸಾಲಗಾಮೆ ರಸ್ತೆಯ ಎಂಸಿಎಫ್ (ಇಸ್ರೋದ ಉಪಗ್ರಹ ನಿಯಂತ್ರಣ ಕೇಂದ್ರ) ಡಿಶ್‌ಗಳೂ ಮೈಕ್ರೋವೇವ್ ತಾನೆ? ನಮ್ಮ ಮನೆ ಆ ಕಡೆಯೇ.

ಉತ್ತರ:
ಲಡಾಖ್ ಸುದ್ದಿ ಸುಳ್ಳು ಅಂತ ನಮ್ಮ ಸೇನೆ 2020ರ ನವೆಂಬರ್‌ನಲ್ಲೇ ಹೇಳಿತು. ಎಂಸಿಎಫ್ ಡಿಶ್‌ದೂ ಮೈಕ್ರೋವೇವೇ, ಸರಿ. ಆದರೆ ಅವು ಮುಖ ಮಾಡಿರುವುದು 36,000 ಕಿಲೋಮೀಟರ್ ಮೇಲಿರುವ ಉಪಗ್ರಹದ ಕಡೆಗೆ. ಅಲೆ ಟಾರ್ಚ್ ಬೆಳಕಿನ ಹಾಗೆ ಸಪೂರವಾಗಿ ಆಕಾಶಕ್ಕೆ ಹೋಗುತ್ತದೆ, ನಿಮ್ಮ ತಾರಸಿಗೆ ಬರುವುದಿಲ್ಲ. ಧೈರ್ಯವಾಗಿ ಹಪ್ಪಳ ಒಣಗಿಸಿ.

ಮತ್ತೆ ಬೆಳೆಗಾರರು:
ಸರಿ ಸರ್, ಆನೆಗೆ ಏನು ಮಾಡಲಿ?

ಉತ್ತರ:
ಅದು ನನ್ನ ಕಸುಬಲ್ಲ, ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರನ್ನು ಕೇಳಿ. ಕರೆಂಟಿನ ಮಟ್ಟಿಗೆ ಮಾತ್ರ ಹೇಳುತ್ತೇನೆ. ಸೋಲಾರ್ ಬೇಲಿಯಲ್ಲಿ ಸಾವಿರಾರು ವೋಲ್ಟ್ ಇದ್ದರೂ ಸೆಕೆಂಡಿಗೊಂದು ಸಲ, ಕ್ಷಣಮಾತ್ರ ಹೊಡೆದು ಬಿಡುತ್ತದೆ. ಅದಕ್ಕೇ ಪ್ರಾಣ ಹೋಗುವುದಿಲ್ಲ. ಮನೆ ಲೈನನ್ನು ನೇರ ತಂತಿಗೆ ಕೊಟ್ಟರೆ ಆನೆಯೂ ಹೋಗುತ್ತದೆ, ಬೆಳಿಗ್ಗೆ ಹಣ್ಣು ಕೊಯ್ಯಲು ಬರುವ ಹೆಂಗಸರೂ ಹೋಗುತ್ತಾರೆ. ರೇಡಿಯೋ ಅಲೆಯೇ ಬೇಕು ಅಂದರೆ ಆನೆ ಕೊರಳಿನ ಕಾಲರ್ ಇದೆಯಲ್ಲ. ಅದು ಎಲ್ಲಿದೆ ಅಂತ ಮೊಬೈಲಿಗೆ ಸಂದೇಶ ಬಂದರೆ ಆ ದಿನ ಆ ಕಡೆ ಕೆಲಸ ಬಿಡಬಹುದು.

ಬೆಳೆಗಾರರು:
ಓವನ್ ಹಿಂಬದಿ ಸ್ಕ್ರೂ ಎರಡು ತೆಗೆದಾಗಿತ್ತು ಸರ್…

ಉತ್ತರ:
ಅಲ್ಲಿಗೇ ನಿಲ್ಲಿಸಿ. ಒಳಗೆ ಕೋಕ್ ಟಿನ್ನಿಗಿಂತ ಸ್ವಲ್ಪ ಚಿಕ್ಕ, ಬೆಳ್ಳಿ ಬಣ್ಣದ ಕೆಪಾಸಿಟರ್ ಇದೆ. ಪ್ಲಗ್ ತೆಗೆದ ಮೇಲೂ ಅದರಲ್ಲಿ ಎರಡು ಸಾವಿರ ವೋಲ್ಟ್ ಉಳಿದಿರಬಹುದು. ನಮ್ಮ ಲ್ಯಾಬ್‌ನಲ್ಲಿ ಅಂಥದ್ದೊಂದು ನನ್ನ ಸ್ಕ್ರೂಡ್ರೈವರ್ ತುದಿಯನ್ನು ಅಕ್ಕಿಕಾಳಿನಷ್ಟು ಕರಗಿಸಿತ್ತು. ನನ್ನ ಇನ್ನೊಂದು ಕೈ ಜೇಬಿನಲ್ಲಿತ್ತು, ಕರೆಂಟ್ ಎದೆ ದಾಟಿ ಆ ಕೈಗೆ ಹೋಗಲು ದಾರಿ ಇರಲಿಲ್ಲ, ಅದಕ್ಕೇ ಇವತ್ತು ಉತ್ತರ ಬರೆಯುತ್ತಿದ್ದೇನೆ. ಆ ಎರಡು ಸ್ಕ್ರೂ ವಾಪಸ್ ಹಾಕಿ, ವೈರ್ ಕತ್ತರಿಸಿ, ಬಿತ್ತನೆ ಬೀಜ ಇಡುವ ಡಬ್ಬ ಮಾಡಿಕೊಳ್ಳಿ. ಒಳಗೆ ಇಲಿ ನುಗ್ಗುವುದಿಲ್ಲ.