‘ರಕ್ತ ತೆಳು ಮಾಡುವ ಮಾತ್ರೆ’ಗೆ ಬೇರೆ ಮಾತು ಬೇಕು

ಎಲ್ಲರಿಗೂ ನಮಸ್ಕಾರ. ನಮ್ಮ ದೊಡ್ಡಮ್ಮನದು ಶ್ರೀನಿವಾಸಪುರದ ಹತ್ತಿರ ಒಂದು ಹಳ್ಳಿ. ಹೋದ ವರ್ಷ ಸೊಂಟದ ಮೂಳೆ ಆಪರೇಷನ್ ಆದ ಮೇಲೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ಚೂರು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಹೆಪಾರಿನ್ ಇಂಜೆಕ್ಷನ್ ಕೊಟ್ಟರು, ಉಳಿದುಕೊಂಡರು. ಮನೆಗೆ ಕಳಿಸುವಾಗ ‘ರಕ್ತ ತೆಳು ಮಾಡೋ ಮಾತ್ರೆ, ಮೂರು ತಿಂಗಳಾದರೂ ನುಂಗಬೇಕು’ ಅಂದರು. ಎರಡು ವಾರ ಬಿಟ್ಟು ನಾನು ಹೋದರೆ ಮಾತ್ರೆಯ ಶೀಟು ಗೋಡೆಯ ಗೂಡಿನಲ್ಲಿ ಹಾಗೇ ಇದೆ, ನಾಲ್ಕೇ ನಾಲ್ಕು ಖಾಲಿ. ಕೇಳಿದ್ದಕ್ಕೆ, ‘ನಂಗೆ ಮೊದಲೇ ರಕ್ತ ಕಮ್ಮಿ ಅಂತಾರೆ, ಇರೋದನ್ನೂ ನೀರು ಮಾಡ್ಕೊಳ್ಳಲಾ?’ ಅಂದರು. ಆ ಮಾತು ಕೇಳಿದ ಯಾರಿಗಾದರೂ ಹಾಗೇ ಅನಿಸುತ್ತೆ ಅಲ್ವಾ?

ನಿಜ ಏನಂದರೆ ಹೆಪಾರಿನ್ ಇಂಜೆಕ್ಷನ್ ಆಗಲಿ ವಾರ್ಫರಿನ್‌ನಂಥ ಮಾತ್ರೆ ಆಗಲಿ ರಕ್ತವನ್ನು ನೀರು ಮಾಡಲ್ಲ. ಕಟ್ಟಿರುವ ಹೆಪ್ಪನ್ನು ಕರಗಿಸುವುದೂ ಇಲ್ಲ. ಅದು ಬೆಳೆಯದಂತೆ, ಹೊಸದು ಕಟ್ಟದಂತೆ ತಡೆಯುತ್ತವೆ ಅಷ್ಟೆ, ಕರಗಿಸುವ ಕೆಲಸ ನಿಧಾನಕ್ಕೆ ಮೈಯೇ ಮಾಡಿಕೊಳ್ಳುತ್ತೆ. ಆ ತಡೆಯೇ ಜೀವ ಉಳಿಸುತ್ತೆ. ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಶ್ವಾಸಕೋಶದಲ್ಲಿ ಹೆಪ್ಪು ಸಿಕ್ಕಿಕೊಂಡವರ ಮೇಲೆ ಒಂದು ಪ್ರಯೋಗ ಆಯಿತು, 1960ರಲ್ಲಿ ಅದು ಪ್ರಕಟವಾಯಿತು. ಔಷಧಿ ಕೊಡದ 19 ಜನರಲ್ಲಿ 5 ಜನ ಅದರಿಂದಲೇ ಸತ್ತರು, ಕೊಟ್ಟ 16 ಜನರಲ್ಲಿ ಒಬ್ಬರೂ ಹಾಗೆ ಸಾಯಲಿಲ್ಲ.

ಕರಗಿಸುವ ಔಷಧಿಗಳೇ ಬೇರೆ. ಸ್ಟ್ರೆಪ್ಟೊಕೈನೇಸ್, ಟೆನೆಕ್ಟೆಪ್ಲೇಸ್ ಅಂಥವು. ಶ್ವಾಸಕೋಶದ ಹೆಪ್ಪಿಗೆ ಅವನ್ನು ಸಾಮಾನ್ಯವಾಗಿ ಬಿಪಿ ಕುಸಿದು ಪ್ರಾಣಕ್ಕೇ ಬಂದಾಗ ಮಾತ್ರ ಕೊಡುತ್ತಾರೆ, ಯಾಕೆಂದರೆ ಅವುಗಳಿಂದ ಮೆದುಳಿನಲ್ಲಿ ರಕ್ತ ಸೋರುವ ಅಪಾಯ ಇದೆ. ಎರಡಕ್ಕೂ ಒಂದೇ ಮಾತು ಹೇಳಿದರೆ ಜನ ಏನು ತಿಳಿದುಕೊಳ್ಳಬೇಕು?

ನಾನು ‘ಹೆಪ್ಪುತಡೆ ಮಾತ್ರೆ’ ಅಂತ ಹೇಳಿ ನೋಡಿದೆ. ದೊಡ್ಡಮ್ಮ ಆಗ ಹಾಲು ಆರಿಸುತ್ತಾ ಕೂತಿದ್ದರು, ಬೆರಳು ಅದ್ದಿ ಬಿಸಿ ನೋಡಿ, ಒಂದು ಚಮಚ ಹೆಪ್ಪು ಬಿಟ್ಟು, ‘ಮೊಸರಾದ್ದು ಮತ್ತೆ ಹಾಲಾಗುತ್ತೇನೋ?’ ಅಂದರು. ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ. ಅವರಿಗೆ ಹೆಪ್ಪು ಅಂದರೆ ಹಾಲಿಗೆ ಹಾಕುವುದು, ನಮಗೆ ಕಟ್ಟಿಕೊಂಡಿರುವುದು.

‘ಗಡ್ಡೆ’ ಅನ್ನೋಣ ಅಂದರೆ ಇನ್ನೊಂದು ತೊಡಕು. ನಮ್ಮ ಕೋಲಾರದ ಕಡೆ ಮನೆಯಲ್ಲಿ ತೆಲುಗು ಆಡುವವರು ಜಾಸ್ತಿ, ಅವರಿಗೆ ‘ರಕ್ತಂ ಗಡ್ಡ ಕಟ್ಟಿಂದಿ’ ಅಂದರೆ ಹೆಪ್ಪುಗಟ್ಟಿದೆ ಅಂತಲೇ ಸರಿಯಾಗಿ ತಿಳಿಯುತ್ತೆ. ಕನ್ನಡದಲ್ಲಿ ‘ಶ್ವಾಸಕೋಶದಲ್ಲಿ ಗಡ್ಡೆ’ ಅಂದರೆ ಕ್ಯಾನ್ಸರ್ ಅಂತ ಮನೆಮಂದಿಯೆಲ್ಲ ಅಳಲು ಶುರು ಮಾಡುತ್ತಾರೆ.

ಹರಿದು ಹೋಗಿ ಸಿಕ್ಕಿಕೊಳ್ಳುವ ಚೂರಿಗೆ ಎಂಬೋಲಸ್ ಅನ್ನುತ್ತಾರೆ, ಗ್ರೀಕ್‌ನಲ್ಲಿ ಅದರ ಮೂಲ ಅರ್ಥ ಬಿರಡೆ. ನಮ್ಮಲ್ಲೂ ‘ಬಿರಡೆ’ ಇದ್ದೇ ಇದೆ! ಡ್ರಿಪ್ ಪೈಪಿನಲ್ಲಿ ಕಸ ಹರಿದು ಬಂದು ಸಣ್ಣ ತೂತಿಗೆ ಕೂತರೆ ಮುಂದಿನ ಗಿಡಕ್ಕೆ ನೀರಿಲ್ಲ, ಹಾಗೇ ಇದು ಅಂದಾಗ ದೊಡ್ಡಮ್ಮನಿಗೆ ಪಟ್ಟನೆ ಅರ್ಥವಾಯಿತು. ಮಾತ್ರೆಯನ್ನೂ ಮತ್ತೆ ಶುರು ಮಾಡಿದರು, ಡಾಕ್ಟರನ್ನು ಕೇಳಿಕೊಂಡು.

ಹಾಗಾದರೆ ‘ರಕ್ತದ ಬಿರಡೆ’ ಅನ್ನಬಹುದಾ? ‘ಹೆಪ್ಪುತಡೆ’ ನಿಮ್ಮ ಕಿವಿಗೆ ಹೇಗಿದೆ? ಹೆಪ್ಪುಗಟ್ಟುವುದಕ್ಕೆ ‘ಕರಣೆಗಟ್ಟು’ ಅನ್ನುವ ಹಳೆಯ ಮಾತು ನಿಮ್ಮ ಮನೆಗಳಲ್ಲಿ ಇನ್ನೂ ಬಳಕೆಯಲ್ಲಿದೆಯಾ? ತುಮಕೂರು, ಪಾವಗಡ, ಬಾಗೇಪಲ್ಲಿ ಕಡೆಯವರು ದಯವಿಟ್ಟು ಮನೆಯ ಹಿರಿಯರನ್ನು ಕೇಳಿ ಬರೆಯಿರಿ.