ದೀಪ ಮನೆಯಲ್ಲಿ, ಜವಳ ಎಲ್ಲಿ?

ಕಳೆದ ಸಂಚಿಕೆಯಲ್ಲಿ ಹಾಸನದ ಓದುಗರೊಬ್ಬರು ಬರೆದಿದ್ದರು: ‘ದಿನಾ ದೀಪ ಹಚ್ಚುತ್ತೇನೆ. ದೇವರಿದ್ದಾನೆ ಅಂತ ನಂಬುತ್ತೇನೆ. ಆದರೆ ನಮ್ಮ ಮನೆದೇವರ ದೇವಸ್ಥಾನದಲ್ಲಿ ನನ್ನ ಗೆಳತಿಯನ್ನು ಜಾತಿ ಕೇಳಿ ಪಂಕ್ತಿಯಿಂದ ಎಬ್ಬಿಸಿದರು. ಆಮೇಲೆ ಅಲ್ಲಿಗೆ ಹೋಗಲು ಮನಸ್ಸಿಲ್ಲ. ಮಗನ ಜವಳ ಅಲ್ಲೇ ಆಗಬೇಕು, ನೀನೇನು ನಾಸ್ತಿಕಳಾ ಅಂತಾರೆ ಅತ್ತೆ. ಏನು ಮಾಡಲಿ?’

ಬಂದ ಪತ್ರಗಳಲ್ಲಿ ಕೆಲವು ಇಲ್ಲಿವೆ. ಮೊದಲು ಚಿಕ್ಕದು.

ದೇವರು ಬೇಕು, ದೇವಸ್ಥಾನ ಬೇಡ. ಹಾಲು ಬೇಕು, ಹಸು ಬೇಡ! ಅತ್ತೆಯವರ ಮಾತು ಕೇಳಿ.
– ನಿವೃತ್ತ ಶಿಕ್ಷಕರು, ಮೈಸೂರು

ಮುಂದಿನದನ್ನು ಕತ್ತರಿಸಲು ಮನಸ್ಸಾಗಲಿಲ್ಲ.

ಅಕ್ಕಾ, ನಿಮ್ಮ ಪತ್ರ ಓದಿ ರಾತ್ರಿ ನಿದ್ದೆ ಬರಲಿಲ್ಲ. ನನ್ನ ತಂಗಿ ಮದುವೆಗೆ ಎರಡು ವರ್ಷ ಮೊದಲು ಅಪ್ಪ ತೀರಿಕೊಂಡಿದ್ದರು. ಅರಿಶಿನ ಕುಟ್ಟಿದ್ದು ಅಮ್ಮ, ಚಕ್ಕುಲಿ ಕರಿದದ್ದು ಅಮ್ಮ. ಶಾಸ್ತ್ರದ ಹೊತ್ತಿಗೆ ಪುರೋಹಿತರು ಮೆತ್ತಗೆ ‘ಅವರು ಸ್ವಲ್ಪ ಆಚೆ ಇರಲಿ’ ಅಂದರು. ಅಮ್ಮ ಉಗ್ರಾಣಕ್ಕೆ ಹೋಗಿ ತೆಂಗಿನಕಾಯಿ ಎಣಿಸುತ್ತಾ ಕೂತರು. ಎಣಿಸಿ ಆಗಿತ್ತು, ಮತ್ತೆ ಎಣಿಸಿದರು. ನನಗೆ ಆಗ 26. ಬಾಯಿ ಬಿಡಲಿಲ್ಲ. ಸಂಜೆ ಆ ಪುರೋಹಿತರಿಗೆ ದಕ್ಷಿಣೆ ಕೊಟ್ಟವನೂ ನಾನೇ.

ಆಮೇಲೆ ನಾನು ದೇವಸ್ಥಾನದ ಮೆಟ್ಟಿಲು ಹತ್ತಲಿಲ್ಲ. ಅಮ್ಮ ಮಾತ್ರ ಹೋಗುತ್ತಲೇ ಇದ್ದರು! 2013ರಲ್ಲಿ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ದೇವಸ್ಥಾನದಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರಾಗಿ ಮಾಡಿದರು ಅಂತ ಪೇಪರಿನಲ್ಲಿ ನೋಡಿದೆ. ಒಳಗೆ ಬಿಡದ ಜನರಿಗಾಗಿ ನಾರಾಯಣ ಗುರು 1912ರಲ್ಲಿ ಪ್ರತಿಷ್ಠೆ ಮಾಡಿದ ಜಾಗ ಅದು. ಅಮ್ಮನನ್ನು ಕರಕೊಂಡು ಹೋದೆ. ಆ ಹೆಂಗಸಿನ ಕೈಯಿಂದ ಪ್ರಸಾದದ ಹೂವು ತಗೊಂಡರು. ಮುಡಿಯಲಿಲ್ಲ. ಬಸ್ಸು ಊರು ತಲುಪುವವರೆಗೂ ಕೈಯಲ್ಲೇ ಹಿಡಿದಿದ್ದರು. ನಾನೂ ಏನೂ ಕೇಳಲಿಲ್ಲ.

ಜವಳದ ಬಗ್ಗೆ ನನಗೆ ಹೇಳಲು ಗೊತ್ತಾಗುತ್ತಿಲ್ಲ. ಒಂದೇ ಕೇಳುತ್ತೇನೆ. ಆ ಗೆಳತಿಯ ಮನೆಗೆ ಆಮೇಲೆ ಹೋಗಿ ಬಂದಿರಾ?
– ಓದುಗ, ತೀರ್ಥಹಳ್ಳಿ

ಈ ಪ್ರಶ್ನೆಯನ್ನು ಬೇರೆ ಯಾರೂ ಕೇಳಿರಲಿಲ್ಲ. ಮುಂದಿನವರು ಮದುವೆಯ ವಿಷಯಕ್ಕೆ ಹೊರಳಿದ್ದಾರೆ. ಇರಲಿ.

ಪುರೋಹಿತರೇ ಬೇಕಿಲ್ಲ ಮೇಡಂ. ಕುವೆಂಪು 1966ರಲ್ಲಿ ಮಗ ತೇಜಸ್ವಿಗೆ ಮಂತ್ರ ಮಾಂಗಲ್ಯದ ಮದುವೆ ಮಾಡಿಸಿದರು. ನಮ್ಮದೂ ಹಾಗೇ ಆಯಿತು. ಸಾಲ ಆಗಲಿಲ್ಲ. ನಿಮ್ಮ ಮಗನ ಮದುವೆಗೆ ಈಗಲೇ ಯೋಚಿಸಿ.
– ದಂಪತಿ, ಚಿಕ್ಕಮಗಳೂರು

ನಾವು ಕ್ರೈಸ್ತರು. ಚರ್ಚಿನ ಲೆಕ್ಕ ಕೇಳಿದ್ದಕ್ಕೆ ನನಗೂ ನಂಬಿಕೆ ಇಲ್ಲ ಎಂದರು. ಭಾನುವಾರದ ಪೂಜೆಗೆ ಈಗಲೂ ಹೋಗುತ್ತೇನೆ. ಹಿಂದಿನ ಬೆಂಚು. ಮುಗಿದ ಕೂಡಲೇ ಮನೆಗೆ.
– ಓದುಗ, ಮಂಗಳೂರು

ಕನಕನ ಕಿಂಡಿಯನ್ನು ನೆನೆದ ಪತ್ರಗಳೇ ಜಾಸ್ತಿ. ಒಂದನ್ನು ಮಾತ್ರ ಇಟ್ಟುಕೊಂಡಿದ್ದೇವೆ.

ಎಲ್ಲರೂ ಕನಕದಾಸರ ಹಾಗೆ ಹೊರಗೇ ನಿಲ್ಲಿ ಅಂತಾರೆ. ಅವರು ಬೇಕೆಂದು ನಿಂತದ್ದಲ್ಲ, ಒಳಗೆ ಬಿಡಲಿಲ್ಲ ಅನ್ನುತ್ತದೆ ಕಥೆ. ನಿಮ್ಮನ್ನು ಬಿಡುತ್ತಾರಲ್ವಾ? ನೀವು ಹೋಗದಿದ್ದರೆ ಅವರಿಗೇನು ನಷ್ಟ? ಗೆಳತಿ ಬರುತ್ತೇನೆ ಅಂದರೆ ಜೊತೆಗೆ ಹೋಗಿ, ಒಂದೇ ಪಂಕ್ತಿಯಲ್ಲಿ ಕೂರಿ. ಎಬ್ಬಿಸಲು ಬಂದರೆ ಜಗಳ ಆಡಿ.
– ವಕೀಲೆ, ಉಡುಪಿ

ಕೊನೆಯದು ಇನ್‌ಲ್ಯಾಂಡ್ ಲೆಟರಿನಲ್ಲಿ ಬಂತು.

ಮಗುವಿಗೆ ಎಷ್ಟು ವರ್ಷ ಅಂತ ಬರೆದೇ ಇಲ್ಲವಲ್ಲ ತಾಯಿ? ದೊಡ್ಡದಾದಷ್ಟೂ ಕೊಸರಾಡುತ್ತೆ. ಎಲ್ಲಿ ಬೇಕಾದರೂ ತೆಗೆಸು, ಸೆಕೆಗೆ ಮುಂಚೆ ತೆಗೆಸು. ಹೊಸ ಬ್ಲೇಡು ಹಾಕಿಸು.
– ಅಜ್ಜಿ, ಅರಸೀಕೆರೆ