ಮೂರು ಮನೆಯವರು, ಮೂರು ಆರ್‌ವಿ, ಅಲಾಸ್ಕಾ ಹೈವೇ: ಸಾಲಾಗಿ ಹೋಗಬೇಕಾ, ಬಿಡಿಯಾಗಿ ಹೋಗಬೇಕಾ?

ಬೇಲೂರು ಸೊಸೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಸಿಯಾಟಲ್ ಹತ್ತಿರ. ಜುಲೈನಲ್ಲಿ ಮೂರು ಮನೆಯವರು ಸೇರಿ, ಒಳಗೇ ಅಡುಗೆ ಮಾಡಿ ಮಲಗುವ ಗಾಡಿಯಾದ ಆರ್‌ವಿಯಲ್ಲಿ ಅಲಾಸ್ಕಾಕ್ಕೆ ಹೊರಟಿದ್ದೇವೆ. ಎರಡು ಬಾಡಿಗೆ ಮೋಟರ್‌ಹೋಮ್. ಮೂರನೆಯದು ಸ್ನೇಹಿತರ ಸ್ವಂತದ್ದು, ಪಿಕಪ್ ಟ್ರಕ್ಕು, ಹಿಂದೆ ಟ್ರೇಲರ್. ಬೇಲೂರಿಂದ ಅತ್ತೆ ಮಾವ ಬಂದಿದ್ದಾರೆ, ಅವರೂ ಜೊತೆಗಿರುತ್ತಾರೆ.

ಈಗ ಜಗಳ ಏನೆಂದರೆ, ಮೂರೂ ಗಾಡಿ ಒಂದರ ಹಿಂದೆ ಒಂದು, ಕಣ್ಣಿಗೆ ಕಾಣುವಷ್ಟು ದೂರದಲ್ಲೇ ಹೋಗಬೇಕು ಅಂತ ನಮ್ಮ ಯಜಮಾನರು. ವಾಕಿಟಾಕಿ ಬೇರೆ ತಂದಿಟ್ಟಿದ್ದಾರೆ. ಹಗಲೆಲ್ಲ ಅವರವರ ಪಾಡಿಗೆ ಹೋಗೋಣ, ರಾತ್ರಿ ಒಂದು ಕಡೆ ಸೇರಿದರೆ ಸಾಕು ಅಂತ ಟ್ರೇಲರ್‌ನವರು. ವಾಟ್ಸಾಪ್ ಗ್ರೂಪಲ್ಲಿ ಇದೇ ಮಾತು, ಬೇರೆ ಏನೂ ತೀರ್ಮಾನ ಆಗುತ್ತಿಲ್ಲ.

ಇನ್ನೂ ಕೆಲವು ಅನುಮಾನಗಳಿವೆ. ಮಾವನಿಗೆ ಆರ್ಕ್ಟಿಕ್ ಸಾಗರದಲ್ಲಿ ಕಾಲು ಅದ್ದಲೇಬೇಕಂತೆ. ಕೆನಡಾದಲ್ಲಿ ಆ ಸಾಗರದ ದಡದ ಊರು ಟಕ್ಟೊಯಾಕ್ಟಕ್‌ವರೆಗೂ ರಸ್ತೆ ಇದೆ ಅಂತ ಯೂಟ್ಯೂಬಲ್ಲಿ ನೋಡಿದ್ದಾರೆ. ಮಕ್ಕಳಿಗೆ ನಾರ್ದರ್ನ್ ಲೈಟ್ಸ್ (ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು) ಬೇಕು. ಅತ್ತೆಗೆ ಸಂಜೆ ಬಿಸಿ ಅನ್ನ, ಸಾರು ಸಿಕ್ಕರೆ ಎಲ್ಲಾದರೂ ಸರಿ. ಇದರಲ್ಲಿ ಯಾವುದು ಆಗುತ್ತದೆ, ಯಾವುದು ಆಗುವುದಿಲ್ಲ? ಹೋಗಿ ಬಂದವರು ದಯವಿಟ್ಟು ಹೇಳಿ.

ತಿಪಟೂರು ಮೆಕ್ಯಾನಿಕ್

ಮೇಡಂ, ನಾನು ಕೆನಡಾದ ಎಡ್ಮಂಟನ್‌ನಲ್ಲಿ ಲಾರಿ ರಿಪೇರಿ ಮಾಡುವವನು. ಸ್ನೇಹಿತರ ಗುಂಪು ಆ ಕಡೆ ಹೊರಟಾಗಲೆಲ್ಲ ಕೊನೆಯ ಗಾಡಿ ನನ್ನದೇ. ಟೂಲ್ ಬಾಕ್ಸ್ ನನ್ನ ಹತ್ತಿರ ಇರುತ್ತದೆ ಅನ್ನುವುದು ಒಂದೇ ಕಾರಣ.

ನಿಮ್ಮ ಯಜಮಾನರು ಹೇಳುವ ಹಾಗೆ ಸಾಲಾಗಿ ಹೋಗಬೇಡಿ. ಕೆನಡಾ ಮೂಲಕ ಅಲಾಸ್ಕಾಕ್ಕೆ ಹೋಗುವ ಈ ಅಲಾಸ್ಕಾ ಹೈವೇ ಈಗ ಪೂರ್ತಿ ಟಾರು ರಸ್ತೆಯೇ. ಆದರೆ ಪ್ರತಿ ಬೇಸಿಗೆಯಲ್ಲೂ ಅಲ್ಲಲ್ಲಿ ಅಗೆದು ಜಲ್ಲಿ ಹಾಕಿರುತ್ತಾರೆ. ಮುಂದಿನ ಗಾಡಿಯ ಚಕ್ರದಿಂದ ಸಿಡಿದ ಕಲ್ಲು ನೇರ ನಿಮ್ಮ ಗಾಜಿಗೆ. ಧೂಳಿನಲ್ಲಿ ಮುಂದೇನಿದೆ ಅಂತಲೂ ಕಾಣುವುದಿಲ್ಲ. ಜೊತೆಗೆ ಮೂರು ದೊಡ್ಡ ಗಾಡಿ ಅಂಟಿಕೊಂಡು ಹೋದರೆ ಹಿಂದಿನಿಂದ ಬರುವ ಟ್ರಕ್ ಡ್ರೈವರ್‌ಗೆ ಓವರ್‌ಟೇಕ್ ಮಾಡಲು ಜಾಗವೇ ಇರುವುದಿಲ್ಲ. ಅವರಿಗೆ ಅದು ದಿನದ ದುಡಿಮೆಯ ದಾರಿ. ನಮ್ಮ ಪ್ರವಾಸಕ್ಕಾಗಿ ಅವರು ಯಾಕೆ ಕಾಯಬೇಕು?

ಹಾಗಂತ ಪೂರ್ತಿ ಬಿಡಿಬಿಡಿಯಾಗಿ ಹೋಗುವುದೂ ಬೇಡ. ಫೋರ್ಟ್ ನೆಲ್ಸನ್‌ನಿಂದ ವಾಟ್ಸನ್ ಲೇಕ್‌ಗೆ 500 ಕಿ.ಮೀ.ಗೂ ಜಾಸ್ತಿ. ಆ ದಾರಿಯಲ್ಲಿ ಬಹುಪಾಲು ಫೋನ್ ಸಿಗ್ನಲ್ ಇಲ್ಲ. ವಾಕಿಟಾಕಿ ಬೆಟ್ಟ ಅಡ್ಡ ಬಂದ ಕೂಡಲೇ ಸತ್ತ ಹಾಗೆ. ನಾವು ಮಾಡುವುದು ಇಷ್ಟೇ. ಬೆಳಿಗ್ಗೆ ಹೊರಡುವ ಸರದಿ ಗಟ್ಟಿ. ಒಂದು ಗಾಡಿ ಹೋಗಿ ಅರ್ಧ ಗಂಟೆ ಆದ ಮೇಲೆ ಇನ್ನೊಂದು. ರಿಪೇರಿ ಗೊತ್ತಿರುವವನು ಕೊನೆಗೆ. ದಾರಿಯಲ್ಲಿ ಯಾರು ಎಲ್ಲಿ ಬೇಕಾದರೂ ನಿಲ್ಲಲಿ, ಫೋಟೋ ತೆಗೆಯಲಿ, ಕಾಫಿ ಕಾಸಲಿ. ಆದರೆ ಕೊನೆಯ ಗಾಡಿ ತಮ್ಮನ್ನು ದಾಟಿ ಹೋಗಲು ಬಿಡಬಾರದು. ಅದು ಹಿಂದೆ ಕಂಡಿತು ಅಂದರೆ ಹೊರಡಬೇಕು. ಇಷ್ಟು ಮಾಡಿದರೆ ಯಾರ ಗಾಡಿ ಕೆಟ್ಟು ನಿಂತರೂ ಫೋನೇ ಇಲ್ಲದೆ ಟೂಲ್ ಬಾಕ್ಸ್ ತಾನಾಗಿ ಅವರ ಹತ್ತಿರ ಬರುತ್ತದೆ. ಸಂಜೆ ಸೇರುವ ಜಾಗದ ಜೊತೆಗೆ, ಅಲ್ಲಿ ಜಾಗ ಇಲ್ಲದಿದ್ದರೆ ಎಲ್ಲಿ ಅನ್ನುವುದನ್ನೂ ಬೆಳಿಗ್ಗೆಯೇ ಹೇಳಿಕೊಂಡು ಹೊರಡಿ.

ಬೇಗ ಎದ್ದು ಹೊರಡುವ ಮನೆಯವರನ್ನು ಮೊದಲ ಗಾಡಿ ಮಾಡಿ. ಕೆನಡಾದ ಯೂಕಾನ್ ಪ್ರಾಂತ್ಯದ ಸರ್ಕಾರದ ಕ್ಯಾಂಪ್‌ಗ್ರೌಂಡ್‌ಗಳು ಬಹುಪಾಲು ಮೊದಲು ಬಂದವರಿಗೆ ಮೊದಲು. ಕರೆಂಟ್ ಕನೆಕ್ಷನ್ ಇರುವುದಿಲ್ಲ, ಆದರೆ ಸೌದೆ ಅವರೇ ಇಟ್ಟಿರುತ್ತಾರೆ. ಕೆರೆ ಪಕ್ಕದ ಆ ಜಾಗಗಳೇ ನನಗೆ ಇಡೀ ಪ್ರವಾಸದಲ್ಲಿ ಇಷ್ಟ. ಖಾಸಗಿ ಆರ್‌ವಿ ಪಾರ್ಕ್‌ಗೆ ನೀರು ತುಂಬಲು, ಟ್ಯಾಂಕ್ ಖಾಲಿ ಮಾಡಲು, ಬಟ್ಟೆ ಒಗೆಯಲು ಹೋದರೆ ಸಾಕು.

ಇನ್ನು ಜೊತೆಗಾರರು ಅಂದರೆ ನಿಮ್ಮ ಮೂರು ಮನೆಯವರು ಮಾತ್ರ ಅಲ್ಲ. ಆ ರಸ್ತೆ ಒಂದೇ. ಇವತ್ತು ಮಂಚೋ ಲೇಕ್‌ನಲ್ಲಿ ಪಕ್ಕದಲ್ಲಿದ್ದವರು ನಾಳೆ ಟೆಸ್ಲಿನ್‌ನಲ್ಲಿ ಮತ್ತೆ ಸಿಗುತ್ತಾರೆ. ಟೆಕ್ಸಸ್‌ನ ರಿಟೈರಾದ ಗಂಡ ಹೆಂಡತಿ, ಜರ್ಮನಿಯಿಂದ ಹಡಗಿನಲ್ಲಿ ಗಾಡಿ ತರಿಸಿಕೊಂಡವರು, ಎಲ್ಲರೂ ಸಿಗುತ್ತಾರೆ. ಸಂಜೆ ಬೆಂಕಿ ಹತ್ತಿರ ಹೋಗಿ ಕೂರಿ. ಎದುರು ದಿಕ್ಕಿನಿಂದ ಬಂದವರನ್ನು ಕೇಳಿ: ಜಲ್ಲಿ ಎಲ್ಲಿದೆ, ಯಾವ ಬಂಕ್ ಮುಚ್ಚಿದೆ, ಕಾಡೆಮ್ಮೆ ಎಲ್ಲಿ ಅಡ್ಡ ನಿಂತಿದ್ದವು. ಇದಕ್ಕಿಂತ ತಾಜಾ ಸುದ್ದಿ ಯಾವ ಆಪ್‌ನಲ್ಲೂ ಇಲ್ಲ. ಒಮ್ಮೆ ಕ್ಲುವಾನಿ ಕೆರೆ ಹತ್ತಿರ ನಮ್ಮವರೊಬ್ಬರ ನೀರಿನ ಪಂಪ್ ನಿಂತುಹೋಯಿತು. ನನ್ನ ಹತ್ತಿರ ಲಾರಿ ಸಾಮಾನೆಲ್ಲ ಇತ್ತು, ಆ ಪಂಪ್ ಮಾತ್ರ ಇರಲಿಲ್ಲ. ಸಸ್ಕಾಚೆವನ್ ಕಡೆಯ ರೈತರೊಬ್ಬರು ತಮ್ಮ ಗಾಡಿಯಲ್ಲಿದ್ದ ಇನ್ನೊಂದು ಪಂಪನ್ನು ಕೊಟ್ಟೇಬಿಟ್ಟರು. ದುಡ್ಡು ತಗೊಳ್ಳಲಿಲ್ಲ. ನನ್ನ ಹೆಂಡತಿ ಚಿತ್ರಾನ್ನ ಕೊಟ್ಟಳು. ಕಡಲೇಬೀಜ ಆರಿಸಿ ಆರಿಸಿ ತಿಂದರು.

ಅದೇ ಕ್ಲುವಾನಿ ದಾಟಿದ ಮೇಲೆ, ಬೀವರ್ ಕ್ರೀಕ್ ಕಡೆಗೆ, ರಸ್ತೆ ಕೆಟ್ಟದು. ಅಲ್ಲಿ ಕೆಳಗಿನ ಮಣ್ಣು ವರ್ಷವಿಡೀ ಹೆಪ್ಪುಗಟ್ಟಿರುತ್ತದೆ. ಮೇಲೆ ಕಪ್ಪು ರಸ್ತೆ ಬಿಸಿಲು ಹೀರುತ್ತದೆ, ಕೆಳಗಿನ ಮಂಜುಗಡ್ಡೆ ಕರಗುತ್ತದೆ. ಒಂದು ಕಡೆ ಕುಸಿತ, ಇನ್ನೊಂದು ಕಡೆ ಉಬ್ಬು. ರಸ್ತೆ ಬದಿಯಲ್ಲಿ ಚಿಕ್ಕ ಬಾವುಟ ನೆಟ್ಟಿರುತ್ತಾರೆ. ಬಾವುಟ ಕಂಡರೆ ನಿಧಾನ. ಮೋಟರ್‌ಹೋಮ್‌ನಲ್ಲಿ ಪಾತ್ರೆ ಬೀಳುತ್ತದೆ ಅಷ್ಟೇ. ಟ್ರೇಲರ್‌ನವರಿಗೆ ಹಿಚ್ (ಟ್ರೇಲರ್ ಸಿಕ್ಕಿಸುವ ಕೊಂಡಿ) ಮುರಿಯಬಹುದು. ಅವರಿಗೆ ಇದನ್ನು ಓದಿಸಿ.

ಡೀಸೆಲ್, ಪೆಟ್ರೋಲ್ ಅರ್ಧಕ್ಕೆ ಇಳಿದ ಕೂಡಲೇ ತುಂಬಿಸಿ, ರೇಟ್ ನೋಡುತ್ತಾ ಕೂರಬೇಡಿ. ಮತ್ತೆ, ಡಾಸನ್ ಕ್ರೀಕ್ ಬೇರೆ, ಡಾಸನ್ ಸಿಟಿ ಬೇರೆ. ಮೊದಲನೆಯದು ಹೈವೇ ಶುರುವಾಗುವ ಊರು, ಎರಡನೆಯದು ಯೂಕಾನ್‌ನ ಹಳೇ ಚಿನ್ನದ ಊರು. ನಡುವೆ 1,900 ಕಿ.ಮೀ.ಗೂ ಜಾಸ್ತಿ. ಜಿಪಿಎಸ್‌ಗೆ ಹಾಕುವಾಗ ನೋಡಿಕೊಳ್ಳಿ.

ನಾರ್ದರ್ನ್ ಲೈಟ್ಸ್ ಜುಲೈನಲ್ಲಿ ಮರೆತುಬಿಡಿ. ಕತ್ತಲೇ ಆಗುವುದಿಲ್ಲವಲ್ಲ. ಅದು ಬೇಕಾದರೆ ಆಗಸ್ಟ್ ಕೊನೆಗೆ ಹೋಗಿ. ಜುಲೈನಲ್ಲಿ ಹೋದರೆ ಮಕ್ಕಳು ರಾತ್ರಿ 11ಕ್ಕೂ ಹೊರಗೆ ಆಡುತ್ತಿರುತ್ತಾರೆ. ಮಲಗಿಸಲು ಕಿಟಕಿಗೆ ಅಲ್ಯೂಮಿನಿಯಂ ಫಾಯಿಲ್ ಅಂಟಿಸಿ. ದೊಡ್ಡವರಿಗೂ ಒಂದು ಮಾತು: ಬೆಳಕಿದೆ ಅಂತ ಓಡಿಸುತ್ತಲೇ ಇರಬೇಡಿ. ಗಡಿಯಾರ ನೋಡಿ ನಿಲ್ಲಿಸಿ.

ಐ-94 ನೋಡಿಕೊಳ್ಳಿ

ರಸ್ತೆ ಆಮೇಲೆ, ಮೊದಲು ಕಾಗದ. ಅತ್ತೆ ಮಾವ ಭಾರತದ ಪಾಸ್‌ಪೋರ್ಟ್‌ನವರಲ್ವಾ? ಅವರಿಗೆ ಕೆನಡಾ ವಿಸಿಟರ್ ವೀಸಾ ಬೇಕು, ಬೆರಳಚ್ಚು ಕೊಡಬೇಕು. ಈಗಲೇ ಹಾಕಿ. ಎಚ್‌1ಬಿ (ಅಮೆರಿಕದ ಕೆಲಸದ ವೀಸಾ) ಇರುವವರಿಗೂ ಬೇಕು. ಗ್ರೀನ್ ಕಾರ್ಡ್ ಇದ್ದರೆ ವೀಸಾ ಬೇಡ, ಪಾಸ್‌ಪೋರ್ಟ್ ಮತ್ತು ಕಾರ್ಡ್ ಎರಡೂ ಕೈಯಲ್ಲಿರಲಿ.

ನೀವು ಕೆನಡಾದೊಳಗೆ ಎರಡು ಸಲ ಹೋಗುತ್ತೀರಿ, ಅಮೆರಿಕದೊಳಗೂ ಎರಡು ಸಲ. ಅತ್ತೆ ಮಾವನ ಅಮೆರಿಕ ವೀಸಾ ಮಲ್ಟಿಪಲ್ ಎಂಟ್ರಿಯೇ ಅಂತ ನೋಡಿ. ಬೆಲಿಂಗ್‌ಹ್ಯಾಮ್‌ನಿಂದ ಅಲಾಸ್ಕಾ ಸರ್ಕಾರದ ಫೆರಿ ಇದೆ, ಆರ್‌ವಿಯನ್ನೂ ಹತ್ತಿಸಬಹುದು, ಆಗ ಕೆನಡಾ ತಪ್ಪುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಹೇನ್ಸ್‌ನಲ್ಲಿ ಇಳಿದರೂ ಅಲಾಸ್ಕಾದ ಒಳಗೆ ಹೋಗುವ ರಸ್ತೆ ಮತ್ತೆ ಕೆನಡಾ ಮೂಲಕವೇ.

ಎಚ್‌1ಬಿ ಸ್ಟ್ಯಾಂಪ್ ಮುಗಿದಿದ್ದು ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಅನ್ನುವ ದಾಖಲೆ) ಚಾಲ್ತಿಯಲ್ಲಿದ್ದರೆ, 30 ದಿನದೊಳಗಿನ ಕೆನಡಾ ಪ್ರವಾಸಕ್ಕೆ ಆಟೋಮ್ಯಾಟಿಕ್ ರೀವ್ಯಾಲಿಡೇಷನ್ ಅಂತ, ಹೊಸ ಸ್ಟ್ಯಾಂಪ್ ಇಲ್ಲದೆ ವಾಪಸ್ ಬರುವ ಒಂದು ದಾರಿ ಇದೆ. ಅಲ್ಲಿದ್ದಾಗ ಹೊಸ ವೀಸಾಗೆ ಅರ್ಜಿ ಹಾಕಿದರೆ ಅದು ಸಿಗುವುದಿಲ್ಲ. ವಕೀಲರನ್ನು ಒಮ್ಮೆ ಕೇಳಿಯೇ ಹೊರಡಿ.

ಕೊನೆಗೆ, ಹಸಿ ಕರಿಬೇವು. ಕೆನಡಾದಿಂದ ಅಮೆರಿಕಕ್ಕೆ ಬರುವಾಗ ತರುವ ಹಾಗಿಲ್ಲ. ನಿಂಬೆ, ಕಿತ್ತಳೆ ಗಿಡಗಳ ರೋಗ ಹರಡುವ ಕೀಟ ಅದರಲ್ಲಿ ಬರುತ್ತದೆ ಅಂತ. ಅಲಾಸ್ಕಾ ಗಡಿಯಲ್ಲೂ ಅದೇ ನಿಯಮ. ಅತ್ತೆಯವರ ಡಬ್ಬಿಯನ್ನು ಮೊದಲೇ ನೋಡಿಬಿಡಿ.

ಮಡಿಕೇರಿ ಟು ಯೂಕಾನ್

ನಾನಿರುವುದು ಯೂಕಾನ್‌ನ ವೈಟ್‌ಹಾರ್ಸ್. ಮೆಕ್ಯಾನಿಕ್ ಅವರು ಹೇಳಿದ ಅರ್ಧ ಗಂಟೆ ಅಂತರ ಅಲಾಸ್ಕಾ ಹೈವೇಗೆ ಸರಿ. ಡಾಸನ್ ಸಿಟಿ ಹತ್ತಿರದಿಂದ ಉತ್ತರಕ್ಕೆ ಹೋಗುವ ಜಲ್ಲಿ ರಸ್ತೆ ಡೆಂಪ್‌ಸ್ಟರ್‌ಗೆ ಒಪ್ಪುವುದಿಲ್ಲ. ಅಲ್ಲಿ ಎರಡು ಗಾಡಿ ಇದ್ದರೆ ಧೂಳು ತಾಗದಷ್ಟು ಜಾಗ ಬಿಟ್ಟು, ಆದರೆ ಹತ್ತಿರವೇ ಇರಬೇಕು.

ಮಾವನವರು ನೋಡಿರುವುದು ನಿಜ. ಇನುವಿಕ್‌ನಿಂದ ಟಕ್ಟೊಯಾಕ್ಟಕ್‌ಗೆ 2017ರಿಂದ ಎಲ್ಲ ಕಾಲಕ್ಕೂ ರಸ್ತೆ ಇದೆ. ಆದರೆ ಇನುವಿಕ್ ಮುಟ್ಟಲು ಮೊದಲು ಡೆಂಪ್‌ಸ್ಟರ್ ಹೈವೇ, 730 ಕಿ.ಮೀ.ಗೂ ಜಾಸ್ತಿ, ಬಹುಪಾಲು ಜಲ್ಲಿ. ಅದು ಪೂರ್ತಿಯಾಗಿ ತೆರೆದದ್ದು 1979ರಲ್ಲಿ. ಮಣ್ಣು ಕರಗಬಾರದು ಅಂತ ಎತ್ತರಕ್ಕೆ ಜಲ್ಲಿ ಸುರಿದು ಅದರ ಮೇಲೆ ರಸ್ತೆ ಮಾಡಿದ್ದಾರೆ. ಅಂಚು ಮೆತ್ತಗೆ, ಬದಿಗೆ ಇಳಿಸಿದರೆ ದೊಡ್ಡ ಗಾಡಿ ವಾಲುತ್ತದೆ. ಕಲ್ಲು ಚೂಪು, ಟೈರ್ ಸೀಳುತ್ತದೆ. ಎರಡು ಸ್ಟೆಪ್ನಿ ಬೇಕು. ಹೊರಟ ಮೇಲೆ ಮೊದಲ ಬಂಕ್ ಈಗಲ್ ಪ್ಲೇನ್ಸ್‌ನಲ್ಲಿ, 369ನೇ ಕಿ.ಮೀ.ನಲ್ಲಿ. ಮುಂದೆ ಪೀಲ್ ಮತ್ತು ಮೆಕೆಂಜಿ ನದಿಗಳಿಗೆ ಫೆರಿ. ನೀರು ಏರಿದರೆ ಫೆರಿ ನಿಲ್ಲುತ್ತದೆ, ನೀವೂ ನಿಲ್ಲುತ್ತೀರಿ. ಧೂಳು ಏಳದಿರಲಿ ಅಂತ ರಸ್ತೆಗೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕುತ್ತಾರೆ. ಅದರ ಕೆಸರು ಗಾಡಿ ಮೇಲೆ ಒಣಗಿದರೆ ಸಿಮೆಂಟೇ. ವಾಪಸ್ ಬಂದ ದಿನವೇ ಅಡಿಯಿಂದ ತೊಳೆಸಿ.

ಬಾಡಿಗೆ ಗಾಡಿಯ ಕರಾರಿನಲ್ಲಿ ಡೆಂಪ್‌ಸ್ಟರ್ ಬೇಡ ಅಂತ ಸಾಮಾನ್ಯವಾಗಿ ಬರೆದೇ ಇರುತ್ತದೆ. ಕದ್ದು ಹೋಗಬೇಡಿ, ಇನ್ಶೂರೆನ್ಸ್ ಇರುವುದಿಲ್ಲ, ಎಳೆದು ತರುವ ಖರ್ಚು ಸಾವಿರಾರು ಡಾಲರ್.

ನನ್ನ ಸಲಹೆ ಇದು. ಟ್ರೇಲರ್‌ನವರ ಪಿಕಪ್ ಸ್ವಂತದ್ದು ಅಂದಿರಲ್ಲ. ಟ್ರೇಲರನ್ನು ಡಾಸನ್ ಸಿಟಿಯ ಕ್ಯಾಂಪ್‌ಗ್ರೌಂಡ್‌ನಲ್ಲಿ ಬಿಚ್ಚಿಟ್ಟು, ಬರೀ ಪಿಕಪ್‌ನಲ್ಲಿ ಮಾವನವರನ್ನು ಕರೆದುಕೊಂಡು ಹೋಗಲಿ. ಈಗಲ್ ಪ್ಲೇನ್ಸ್‌ನಲ್ಲಿ, ಇನುವಿಕ್‌ನಲ್ಲಿ ರೂಮು ಸಿಗುತ್ತದೆ, ಮುಂಚೆ ಬುಕ್ ಮಾಡಬೇಕು. ಉಳಿದವರು ಡಾಸನ್‌ನಲ್ಲೇ ಇರಲಿ. ಹೆಪ್ಪುಗಟ್ಟಿದ ನೆಲ ಕರಗಿ ವಾಲಿರುವ ಹಳೇ ಮರದ ಕಟ್ಟಡಗಳನ್ನು ನೋಡುತ್ತಾ, 1896ರಲ್ಲಿ ಚಿನ್ನ ಸಿಕ್ಕ ಬೊನಾಂಜಾ ಕ್ರೀಕ್‌ಗೆ ಹೋಗಿ ಬರುತ್ತಾ ದಿನ ಹೋಗುವುದೇ ಗೊತ್ತಾಗುವುದಿಲ್ಲ. ಅಥವಾ ಮಾವನವರು ವೈಟ್‌ಹಾರ್ಸ್‌ನಿಂದ ಇನುವಿಕ್‌ಗೆ ವಿಮಾನದಲ್ಲಿ ಹೋಗಲಿ. ದುಬಾರಿ, ಆದರೆ ಸೊಂಟ ಉಳಿಯುತ್ತದೆ.

ಡಾಸನ್‌ನಿಂದ ಅಲಾಸ್ಕಾಕ್ಕೆ ಟಾಪ್ ಆಫ್ ದ ವರ್ಲ್ಡ್ ಹೈವೇ ಇದೆ. ಯೂಕಾನ್ ನದಿಗೆ ಫೆರಿ, ದುಡ್ಡು ಇಲ್ಲ, ಆದರೆ ಜುಲೈನಲ್ಲಿ ಆರ್‌ವಿಗಳ ಸಾಲು ಉದ್ದ. ಆಚೆ ಗಡಿ ಬೇಸಿಗೆಯಲ್ಲಿ ಮಾತ್ರ, ಅದೂ ಹಗಲು ಮಾತ್ರ ತೆರೆದಿರುತ್ತದೆ. ಅಲಾಸ್ಕಾ ಸಮಯ ಒಂದು ಗಂಟೆ ಹಿಂದೆ, ಲೆಕ್ಕ ಹಾಕಿ. ಇದಕ್ಕೂ ಬಾಡಿಗೆ ಕರಾರು ನೋಡಿ.

ಬೇಲೂರು ಸೊಸೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಿಕಪ್ ಐಡಿಯಾ ಓದಿ ಹೇಳಿದೆ, ಮಾವ ಆಗಲೇ ಟ್ರೇಲರ್‌ನವರನ್ನು ಮಾತಾಡಿಸಿಬಿಟ್ಟರು. ಕರಡಿ ಇರುವ ಕಡೆ ಅಡುಗೆ ಹೇಗೆ ಅಂತ ಅತ್ತೆ ಕೇಳುತ್ತಿದ್ದಾರೆ. ಒಗ್ಗರಣೆ ಘಮಕ್ಕೆ ಬರುತ್ತವಾ?

ತಿಪಟೂರು ಮೆಕ್ಯಾನಿಕ್

ಬರಬಹುದು, ಅದಕ್ಕೇ ಶಿಸ್ತು ಬೇಕು. ಗಾಡಿ ಒಳಗೆ ಒಗ್ಗರಣೆ ಹಾಕಿದರೆ ಸ್ಮೋಕ್ ಅಲಾರಂ ಕಿರುಚುತ್ತದೆ. ಅಲಾರಂ ಬ್ಯಾಟರಿ ಕಿತ್ತಿಡುವವರನ್ನು ನೋಡಿದ್ದೇನೆ, ಗ್ಯಾಸ್ ಇರುವ ಗಾಡಿಯಲ್ಲಿ ಅಂಥ ಕೆಲಸ ಯಾರೂ ಮಾಡಬೇಡಿ. ಮೇಲಿನ ಫ್ಯಾನ್ ಹಾಕಿ, ಕಿಟಕಿ ತೆಗೆದು, ಸಣ್ಣ ಉರಿಯಲ್ಲಿ ಮಾಡಿ. ಇಲ್ಲಾಂದರೆ ಮನೆಯಲ್ಲೇ ಒಗ್ಗರಣೆ ಹಾಕಿ ಗೊಜ್ಜು, ಪುಳಿಯೋಗರೆ ಪುಡಿ ಕಟ್ಟಿಕೊಳ್ಳಿ. ಹೊರಗೆ ಅಡುಗೆ ಮಾಡಿದರೆ ಊಟ ಮುಗಿದ ಕೂಡಲೇ ತಟ್ಟೆ, ಎಣ್ಣೆ ಬಾಟಲಿ, ಕಸ ಎಲ್ಲ ಒಳಗೆ. ಕೈ ತೊಳೆದ ನೀರನ್ನೂ ಪೊದೆಗೆ ಚೆಲ್ಲಬೇಡಿ.

ಗಂಜಿ, ಸಾರಿನ ಎಣ್ಣೆ ಸಿಂಕ್‌ಗೆ ಸುರಿಯಬೇಡಿ. ಟ್ಯಾಂಕ್‌ನಲ್ಲಿ ಕಟ್ಟಿಕೊಂಡು ನಾತ ಹೊಡೆಯುತ್ತದೆ. ಪಾತ್ರೆಯನ್ನು ಪೇಪರ್‌ನಲ್ಲಿ ಒರೆಸಿ ಆಮೇಲೆ ತೊಳೆಯಿರಿ. ಅಕ್ಕಿ, ಬೇಳೆ, ಸಾರಿನ ಪುಡಿ ಸಿಯಾಟಲ್‌ನಿಂದಲೇ. ತರಕಾರಿಗೆ ವೈಟ್‌ಹಾರ್ಸ್‌ನಲ್ಲಿ ದೊಡ್ಡ ಅಂಗಡಿಗಳಿವೆ, ಅದರಾಚೆ ಸಿಕ್ಕಿದ್ದೇ ಸೀರುಂಡೆ.

ಅತ್ತೆಯವರಿಗೆ ಲಿಯರ್ಡ್ ಹಾಟ್ ಸ್ಪ್ರಿಂಗ್ಸ್ ತಪ್ಪಿಸಬೇಡಿ. ಕಾಡಿನೊಳಗೆ ಬಿಸಿನೀರಿನ ಕೊಳ, 42ರಿಂದ 52 ಡಿಗ್ರಿ. ಬಿಸಿನೀರು ಹುಟ್ಟುವ ಕಡೆಯಿಂದ ದೂರ ಕೂರಿಸಿ. ಹೋಗಲು ಮರದ ಹಲಗೆಯ ದಾರಿ ಇದೆ, ವಯಸ್ಸಾದವರೂ ನಡೆಯಬಹುದು. ಅಲ್ಲಿನ ಕ್ಯಾಂಪ್‌ಗ್ರೌಂಡ್ ಬೇಗ ತುಂಬುತ್ತದೆ, ಈಗಲೇ ಬುಕ್ ಮಾಡಿ.

ಮಾವನವರಿಗೂ ಒಂದು ಕೆಲಸ ಇದೆ. ವಾಟ್ಸನ್ ಲೇಕ್‌ನಲ್ಲಿ ಸೈನ್‌ಪೋಸ್ಟ್ ಫಾರೆಸ್ಟ್ ಅಂತ ಇದೆ. 1942ರಲ್ಲಿ ರಸ್ತೆ ಕೆಲಸಕ್ಕೆ ಬಂದ ಕಾರ್ಲ್ ಲಿಂಡ್ಲಿ ಅನ್ನುವ ಅಮೆರಿಕನ್ ಸೈನಿಕ ಮನೆ ನೆನಪಾಗಿ ತನ್ನೂರು ಡ್ಯಾನ್‌ವಿಲ್‌ನ ಹೆಸರು ಬರೆದು ನೆಟ್ಟ. ಈಗ ಹತ್ತಾರು ಸಾವಿರ ಬೋರ್ಡ್‌ಗಳಿವೆ. ಬೇಲೂರಿನ ಬೋರ್ಡ್ ಮನೆಯಲ್ಲೇ ಬರೆಸಿಕೊಂಡು ಹೋಗಿ. ತಗಡಾದರೆ ಒಳ್ಳೆಯದು, ಪ್ಲೈವುಡ್ ಹಿಮಕ್ಕೆ ಬಿಚ್ಚಿಕೊಳ್ಳುತ್ತದೆ. ಮೊಳೆ, ಸುತ್ತಿಗೆ ಕೊನೆಯ ಗಾಡಿಯಲ್ಲಿ ಇಡಿ.

ಬೇಲೂರು ಸೊಸೆ

ಕೊನೆಯ ಗಾಡಿ ಯಾರದ್ದು ಅಂತ ಈಗ ಹೊಸ ಜಗಳ ಶುರುವಾಗಿದೆ. ನಮ್ಮ ಯಜಮಾನರಿಗೆ ಟೈರ್ ಬದಲಾಯಿಸುವುದು ಬಿಟ್ಟು ಬೇರೇನೂ ಗೊತ್ತಿಲ್ಲ, ಆದರೆ ವಾಕಿಟಾಕಿ ಕೊಂಡವರು ಅವರಲ್ವಾ. ಕೆನಡಾ ವೀಸಾ ಅರ್ಜಿ ಇವತ್ತೇ ಹಾಕಿದೆವು.